ಉತ್ತರದ ಬಾಗಿಲು

ನಂಬೋದಿಲ್ಲ ಅಂತೀರಾ? ಹೊಳೆದಂಡೆಯ ಕಂಟ್ರೋಲ್ ರೂಮಿಗೆ ಹೋಗಿ ನೋಡಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ. ಅಲ್ಲಿ ತಂತಿಗಳ ನಡುವೆ ಕೂತ ರೂಟರ್ ಎಂಬ ಪೆಟ್ಟಿಗೆಯಣ್ಣ ಒಬ್ಬನಿದ್ದ. ಒಂದು ಸುದ್ದಿ ಬಂದರೆ ಕೆಳಗಿನ ಊರುಗಳ ಸೈರನ್ನುಗಳಿಗೆಲ್ಲ ಒಟ್ಟಿಗೆ ಹಂಚುವುದು ಅವನ ಕೆಲಸ. "ನನ್ನ ಕಣ್ಣು ತಪ್ಪಿಸಿ ಸುಳ್ಳು ಸುದ್ದಿ ದಾಟಿದ್ದೇ ಇಲ್ಲ" ಎಂದು ಮೀಸೆ ತಿರುವುತ್ತಿದ್ದ.

ಒಂದು ಮಧ್ಯಾಹ್ನ ಅಣೆಕಟ್ಟಿನ ಸುದ್ದಿ ದಕ್ಷಿಣದ ಬಾಗಿಲಿಂದ ಏದುಸಿರು ಬಿಡುತ್ತ ಬಂತು. "ಅಣ್ಣಾ, ಕಟ್ಟೆ ಒಡೆದಿದೆ! ಸೈರನ್ನುಗಳಿಗೆ ಬೇಗ ಹೇಳು!"

"ಅಣೆಕಟ್ಟಿನವರು ಬರೋದು ಉತ್ತರದ ಬಾಗಿಲಿಂದ. ನೀನ್ಯಾಕೋ ಹಿತ್ತಿಲಿಂದ ನುಸುಳಿದೆ?"

"ಉತ್ತರದ ತಂತಿ ಕಡಿದುಹೋಗಿದೆ. ಸುತ್ತಿಕೊಂಡು ಬಂದೆ."

"ಎಲ್ಲ ಕಳ್ಳರೂ ಹೀಗೇ ಹೇಳೋದು" ಎಂದು ರೂಟರ್ ಸುದ್ದಿಯನ್ನು ಆಚೆಗೆಸೆದ.

ಸೈರನ್ನುಗಳು ಕೂಗಲಿಲ್ಲ. ಊಟಕ್ಕೆ ಕೂತಿದ್ದ ಕೆಳಗಿನ ಊರುಗಳವರು ಕೂತಲ್ಲೇ ಮುಳುಗಿದರು. ಕಂಟ್ರೋಲ್ ರೂಮಿಗೆ ನೀರು ಮಾತ್ರ ಉತ್ತರದ ಬಾಗಿಲಿಂದಲೇ ಬಂತು. ಅದನ್ನು ರೂಟರ್ ಒಂದು ಮಾತೂ ಕೇಳಲಿಲ್ಲ. ಕೊನೆಗೆ ಅವನಿಗೆ ಸಿಕ್ಕಿದ್ದು ಬಾಯಿ ತುಂಬ ಕೆಸರು.