ಅಜ್ಜಾರ ಎಡಗಡೆ

ಹೊಳೆದಂಡೆಯ ಆಶ್ರಮದಲ್ಲಿ ಅಜ್ಜಾರು ದಿನಾ ಮುಂಜಾನೆ ಕೆಳಗಿನ ಮೆಟ್ಟಿಲ ಮೇಲೆ ನೀರಿಗೆ ಮುಖ ಮಾಡಿ ಕೂಡುತ್ತಿದ್ದರು. ಸಂಕಟ ಇದ್ದವರು ಬಂದು ಅವರ ಎಡಗಡೆ ಕೂಡುತ್ತಿದ್ದರು. ಹೇಳುವುದನ್ನೆಲ್ಲ ಹೇಳುತ್ತಿದ್ದರು.

ಹೇಳಿ ಮುಗಿಸಿ ಕಾಲು ಮುಟ್ಟಿದರೆ ಅಜ್ಜಾರು ಒಂದು ಬೊಗಸೆ ನೀರೆತ್ತಿ ಮತ್ತೆ ಹೊಳೆಗೇ ಬಿಡುತ್ತಿದ್ದರು. "ಹೊಳೀಗೆ ಹೋತು" ಎನ್ನುತ್ತಿದ್ದರು. ಅಷ್ಟೇ. ಉಪದೇಶವಿಲ್ಲ, ತಾಯಿತವಿಲ್ಲ. ಬಂದವರು ಹಗುರಾಗಿ ಎದ್ದು ಹೋಗುತ್ತಿದ್ದರು.

ಶಿಷ್ಯ ಶಂಭುಲಿಂಗನಿಗೆ ಇದು ಸಾಲದು ಅನ್ನಿಸುತ್ತಿತ್ತು. ಪಟ್ಟಣದಲ್ಲಿ ಓದಿ ಬಂದವನು. ಯಾವ ಬ್ರೌಸರು ಒಳ್ಳೆಯದು, ಯಾವುದು ಕದ್ದು ನೋಡುತ್ತದೆ, ಯಾವ ಆ್ಯಪನ್ನು ನಂಬಬಹುದು ಎಂದು ಅಂಗಳ ಗುಡಿಸುವಾಗಲೂ ಒದರುತ್ತಿದ್ದ. ಎಷ್ಟೋ ಸಲ ಅವನು ಎಡಗಡೆ ನಿಂತು ಕರೆದರೆ ಅಜ್ಜಾರು ತಿರುಗಿಯೂ ನೋಡುತ್ತಿರಲಿಲ್ಲ. ಧ್ಯಾನದಲ್ಲಿದ್ದಾರೆ ಎಂದುಕೊಂಡು ಕೈಮುಗಿದು ಹಿಂದೆ ಸರಿಯುತ್ತಿದ್ದ, ಪಾಪ.

ಸೋಮವಾರಕ್ಕೊಮ್ಮೆ ಕಾಶವ್ವ ಬರುತ್ತಿದ್ದಳು. ಗಂಡ ಹೊಡೆಯುತ್ತಾನೆಂಬುದು ಅವಳ ತೋಳು ನೋಡಿದರೇ ತಿಳಿಯುತ್ತಿತ್ತು. ಅವಳು ಹೇಳುವುದು ಏನೆಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಗಂಡ ಆಶ್ರಮಕ್ಕೆ ಹೋಗಕೂಡದೆಂದ. ಕಾಶವ್ವ ಬರುವುದು ನಿಂತಿತು.

ಶಂಭುಲಿಂಗನ ಮನಸ್ಸು ಒಳ್ಳೆಯದೇ. ತಡೆಯದೆ ಅಜ್ಜಾರ ಮುಂದೆ ಹೋಗಿ ನಿಂತ.

"ಅಜ್ಜಾರ, ಬರಾಕ ಆಗದವ್ರು ಏನ್ ಮಾಡಬೇಕ್ರಿ? ಒಂದು ಆ್ಯಪ್ ತಂದೀನ್ರಿ. ಕಂಪನಿಯವ್ರು ಪುಕ್ಕಟೆ ಕೊಟ್ಟಾರ. ಮನಿಯಾಗ ಕುಂತು ಮಾತಾಡಿದ್ರ ಸಾಕು, ಇಲ್ಲಿಗೆ ಬರ್ತೈತಿ."

"ಪುಕ್ಕಟೆ ಯಾಕ ಕೊಟ್ರಪಾ?"

"ಸೇವಾ ಅಂತ ಕೊಟ್ಟಾರ್ರಿ."

"ನಡುವ ಯಾರೂ ಕೇಳೂದಿಲ್ಲೇನು?"

"ಯಾರೂ ಕೇಳೂದಿಲ್ರಿ."

"ಯಾರ ಹೇಳಿದ್ರು?"

"ಆ್ಯಪಿನ್ಯಾಗ ಬರದೈತ್ರಿ."

ಅಜ್ಜಾರಿಗೆ ಕಾಶವ್ವನ ನೆನಪಾಯಿತೋ ಏನೋ, ಬೇಡ ಅನ್ನಲಿಲ್ಲ.

ಆ್ಯಪಿನಲ್ಲಿ ಇನ್ನೂ ಏನೇನೋ ಬರೆದಿತ್ತು. ಇರುವೆ ಸಾಲಿನಂಥ ಸಣ್ಣ ಅಕ್ಷರ. ಎಲ್ಲರಂತೆ ಶಂಭುಲಿಂಗನೂ ಓದದೆ 'ಒಪ್ಪಿಗೆ' ಒತ್ತಿದ್ದ. ಕೊನೆಗೆ ತನ್ನದೇ ದನಿಯಲ್ಲಿ "ಹೊಳೀಗೆ ಹೋತು" ಎಂದು ಹೇಳಿ ಸೇರಿಸಿದ. ಯಾರು ಮಾತು ಮುಗಿಸಿದರೂ ಅದು ತಾನೇ ಹೇಳುತ್ತಿತ್ತು.

ಆಶ್ರಮಕ್ಕೆ ಹೂವು ಕೊಡುವ ಮಾಬುಬಿ ಕಾಶವ್ವನ ಓಣಿಯವಳು. ಅವಳ ಕೈಲಿ ಹೇಳಿ ಕಳಿಸಿದ: "ಗಂಡನ ಫೋನಿನ್ಯಾಗ ಬ್ರೌಸರಿನ ಗುಪ್ತ ಕಿಟಕಿ ತಗದು ಆ್ಯಪಿಗೆ ಮಾತಾಡ್ಲಿ. ಮುಚ್ಚಿದ್ರ ಗುರುತ ಉಳಿಯೂದಿಲ್ಲ."

ಗಂಡ ಸ್ನಾನಕ್ಕೆ ಹೋದಾಗಲೆಲ್ಲ ಕಾಶವ್ವ ಪಿಸುಮಾತಿನಲ್ಲಿ ಮಾತಾಡಿದಳು. ಆ್ಯಪು ಶುರುವಿನಲ್ಲೇ ಫೋನ್ ನಂಬರು ಕೇಳಿತ್ತು. ಆ ಫೋನಿನ ನಂಬರನ್ನೇ ಕೊಟ್ಟಿದ್ದಳು.

ಒಂದು ಮುಂಜಾನೆ ಮಾಬುಬಿ ಬುಟ್ಟಿ ಇಳಿಸದೆ ನಿಂತಳು.

"ಏನಾತಬೇ?" ಎಂದ ಶಂಭುಲಿಂಗ.

"ಏನ್ ಹೇಳ್ಲಿ ತಮ್ಮಾ. ಕಾಶವ್ವನ ಗಂಡನ ಫೋನಿಗೆ ಬರೇ ವಕೀಲರ ಜಾಹೀರಾತು ಬರಾಕ ಹತ್ತಿದ್ವಂತ. ಗಂಡನ ಬಿಡೂದು ಹೆಂಗ ಅಂತ. ನಿನ್ನೆ ಒಂದು ಮೆಸೇಜ್ ಬಂತು. 'ನಿಮ್ಮ ಹಿಂದಿನ ಮಾತು ಮತ್ತೆ ಕೇಳಿರಿ' ಅಂತ. ಅವ ಒತ್ತಿದ."

"ಆಮ್ಯಾಲೆ?"

"ಕಟ್ಟಿ ಮ್ಯಾಲೆ ಕುಂತು ಜೋರ್ ಹಚ್ಚಿದ. ಓಣಿ ಮಂದಿ ಎಲ್ಲಾ ಕೇಳಿದ್ರು. 'ಅವ ಸತ್ರ ಸಾಕು ಅನಸ್ತೈತ್ರಿ ಅಜ್ಜಾರ' ಅಂದಿದ್ಲು. ಅದನ್ನ ಮತ್ತ ಮತ್ತ ಹಚ್ಚಿದ. ಪ್ರತಿ ಸಲ ಕಡೀಕ ನಿನ್ನ ದನಿ ಬರ್ತಿತ್ತು ತಮ್ಮಾ. ಹೊಳೀಗೆ ಹೋತು ಅಂತ. ಮಂದಿ ನಕ್ಕರು."

"ಕಾಶವ್ವ?"

"ಆವಾಗಿಂದ ಬಾಯಿ ಬಿಡವಲ್ಲಳು."

ಶಂಭುಲಿಂಗ ಆ್ಯಪಿನಲ್ಲಿದ್ದ ಮಾತುಗಳನ್ನೆಲ್ಲ ಅಳಿಸಲು ಹೊರಟ. 'ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ' ಎಂದು ಬಂತು. 'ನಮ್ಮ ಸೇವೆ ಹೇಗಿತ್ತು? ನಕ್ಷತ್ರ ಕೊಡಿ' ಎಂದೂ ಬಂತು. ಕಂಪನಿಗೆ ಫೋನು ಮಾಡಿದ. ಎತ್ತುವ ಮನುಷ್ಯರೇ ಅಲ್ಲಿರಲಿಲ್ಲ.

ಸೋಮವಾರ ಕಾಶವ್ವ ಬಂದಳು. ಗಂಡ ಅವಳನ್ನು ಹೊರಗೆ ಹಾಕಿದ್ದ, ಮಗಳನ್ನು ಒಳಗೇ ಇಟ್ಟುಕೊಂಡಿದ್ದ. ಒಂದು ಕಣ್ಣು ಊದಿ ಮುಚ್ಚಿತ್ತು. ಸೀದಾ ಮೆಟ್ಟಿಲಿಳಿದು ಅಜ್ಜಾರ ಎಡಗಡೆ ಕೂತಳು.

ಅಜ್ಜಾರು ಕಾದರು.

ಅವಳ ತುಟಿ ಅಲುಗಿತು. ಹಿಂದೆ ತಿರುಗಿ ಶಂಭುಲಿಂಗನನ್ನು ನೋಡಿದಳು, ಅವನ ಜೇಬು ನೋಡಿದಳು. ಗಿಡ ನೋಡಿದಳು, ಗೋಡೆ ನೋಡಿದಳು. ಕಡೆಗೆ ಅಜ್ಜಾರ ಕಿವಿಯನ್ನೇ ನೋಡುತ್ತ ಕೂತಳು. ಬಿಸಿಲು ಏರಿತು. ಕಾಲು ಮುಟ್ಟದೆ ಎದ್ದು ಹೋದಳು.

ಶಂಭುಲಿಂಗ ಅಜ್ಜಾರ ಮುಂದೆ ಬಂದು ಮಂಡಿಯೂರಿದ.

"ನನ್ನ ಕಡಿಂದ ಎಲ್ಲಾ ಅಳಸೀನ್ರಿ ಅಜ್ಜಾರ. ಫೋನಿನ್ಯಾಗಿನ ಬ್ರೌಸರೂ ತಗದು ಒಗದೀನಿ."

"ಓಣಿ ಮಂದಿ ಕೇಳಿದ್ದನ್ನ?"

ಅವನು ಹಣೆಯನ್ನು ಮೆಟ್ಟಿಲ ಕಲ್ಲಿಗೆ ಹಚ್ಚಿದ.

"ನಿನ್ನ ಒಬ್ಬನ್ನ ಯಾಕ ಬೈಲಿ," ಎಂದರು ಅಜ್ಜಾರು. "ಆವತ್ತ ಬ್ಯಾಡ ಅನಬೇಕಿತ್ತು ನಾನು. ಅನಲಿಲ್ಲ."

"ಇಷ್ಟ್ ವರ್ಷ ಎಲ್ಲಾರ ಸಂಕಟ ಹೊಟ್ಟ್ಯಾಗ ಇಟ್ಕೊಂಡ್ರಿ ನೀವು. ಒಂದು ಮಾತೂ ಹೊರಗ ಬೀಳಲಿಲ್ಲ. ಹೆಂಗ ಇಟ್ಕೊಂಡ್ರಿ?"

"ನಾ ಎಲ್ಲಿ ಇಟ್ಕೊಂಡೆಪಾ." ಅಜ್ಜಾರು ಎಡಗಿವಿ ಮುಟ್ಟಿ ತೋರಿಸಿದರು. "ಇದು ಸಣ್ಣವಿದ್ದಾಗಿಂದ ಕಿವುಡ."

ತಾನು ಕೈಮುಗಿದು ಹಿಂದೆ ಸರಿದ ಮುಂಜಾವುಗಳೆಲ್ಲ ಶಂಭುಲಿಂಗನಿಗೆ ನೆನಪಾದವು.

"ಬಂದವ್ರಿಗೆ ಗೊತ್ತಿತ್ತೇನ್ರಿ?"

"ಎಲ್ಲಾರಿಗೂ ಗೊತ್ತಿತ್ತು. ಇಲ್ಲಾಂದ್ರ ಎಡಕ್ಕ ಯಾಕ ಕೂಡ್ತಿದ್ರು? ಬಲಕ್ಕ ಜಾಗ ಇರಲಿಲ್ಲೇನು?"

ಶಂಭುಲಿಂಗ ಅತ್ತ. ಅತ್ತು ಎದ್ದು, ಫೋನನ್ನು ಮೇಲೆ ಆಶ್ರಮದೊಳಗೆ ಇಟ್ಟು ಬಾಗಿಲು ಹಾಕಿ ಬಂದ. ಅಜ್ಜಾರ ಎಡಗಡೆ ಕೂತ. ಹೇಳುವುದು ಬೆಟ್ಟದಷ್ಟಿತ್ತು.

ಬಾಯಿ ತೆರೆದ. ಹಿಂದೆ ತಿರುಗಿ ನೋಡಿದ. ಮುಚ್ಚಿದ ಬಾಗಿಲು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಬಾಯಿ ತೆರೆದ, ಮತ್ತೆ ತಿರುಗಿ ನೋಡಿದ. ಒಂದು ಮಾತೂ ಹೊರಡಲಿಲ್ಲ.

ಅಜ್ಜಾರ ಬೊಗಸೆ ಖಾಲಿಯಾಗಿ ಮಡಿಲಲ್ಲೇ ಇತ್ತು.

"ಕಿವಿ ಇನ್ನೂ ಕಿವುಡ ಐತೆಪಾ," ಎಂದರು. "ಆದ್ರ ಇನ್ನ ಅದನ್ನ ನಂಬೋರು ಯಾರು?"