ತಲೆಯಾಡಿಸಿದ ಶಿಷ್ಯೆ

ನದೀತೀರದ ಆ ಆಶ್ರಮದಲ್ಲಿ ಎರಡು ನಿಯಮಗಳಿದ್ದವು. ಪಾಠದ ವೇಳೆ ಶಿಷ್ಯೆಯರು ಗುರುವಿನ ಮುಖ ನೋಡದೆ ತಲೆ ತಗ್ಗಿಸಿ ಕೂರಬೇಕು. ಗುರು ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದಿಲ್ಲ.

ವಾರಿಜ ಕ್ಯಾನ್ಸರ್ ಚಿಕಿತ್ಸೆ ಮುಗಿಸಿಕೊಂಡು ಆಶ್ರಮಕ್ಕೆ ಮರಳಿದಳು. ರೋಗ ಹೋಗಿತ್ತು, ಕೂದಲು ಚಿಗುರಿತ್ತು. ಆದರೆ ರೋಗವನ್ನು ಕೊಂದ ಔಷಧಿ ಕಿವಿಯನ್ನೂ ಕೆಡಿಸಿತ್ತು. ದೂರದ ಮಾತು ಬರಿಯ ಗೊಣಗಾಟವಾಗಿ ಬರುತ್ತಿತ್ತು. ಅದರ ಮೇಲೆ ಜೀರುಂಡೆಯಂಥ ಸದ್ದು, ಬಿಡುವಿಲ್ಲದೆ.

ಇದು ವಾಸಿಯಾಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅವರು ಕೊಟ್ಟ ಶ್ರವಣಯಂತ್ರವನ್ನು ಅವಳು ಪೆಟ್ಟಿಗೆಯ ತಳದಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಪಾಠದಲ್ಲಿ ಅವಳು ಮುಂದಿನ ಸಾಲಿನವರ ನೆರಳು ನೋಡುತ್ತಿದ್ದಳು. ನೆರಳುಗಳು ತಲೆಯಾಡಿಸಿದರೆ ತಾನೂ ಆಡಿಸುತ್ತಿದ್ದಳು. ಆಮೇಲೆ ಗೆಳತಿ ಸುಗುಣಳ ಹಿಂದೆ ಬೀಳುತ್ತಿದ್ದಳು.

"ಇವತ್ತಿನ ಪಾಠ ನಿನಗೆ ಹೇಗೆ ಅರ್ಥವಾಯಿತು?"

"ದಿನಾ ನನ್ನನ್ನೇ ಪರೀಕ್ಷೆ ಮಾಡ್ತೀಯಲ್ಲ ಮಾರಾಯ್ತಿ. ನೀನೇನು ಗುರುಪೀಠ ಏರಬೇಕೆಂದಿದ್ದೀಯಾ?"

ಒಂದು ಮೋಡ ಕವಿದ ಬೆಳಗ್ಗೆ ನೆರಳುಗಳೇ ಇರಲಿಲ್ಲ. ಗುರು ಮಂಗಳಾಂಬೆ ಪಾಠ ಆರಂಭಿಸಿದರು. ನಡುವೆ ವಾರಿಜಳತ್ತ ನೋಡಿ, ದನಿ ನಿಲ್ಲಿಸಿ ಬರಿಯ ತುಟಿ ಆಡಿಸಿದರು.

ಏನಾಯಿತೆಂದು ಎಲ್ಲರೂ ತಲೆ ಎತ್ತಿದರು. ವಾರಿಜ ಒಬ್ಬಳೇ ತಲೆ ತಗ್ಗಿಸಿ, ಭಕ್ತಿಯಿಂದ, ಹೌದೆಂದು ತಲೆಯಾಡಿಸಿದಳು.

ಯಾರೂ ನಗಲಿಲ್ಲ. ಗುರು ಎದ್ದು ಬಂದು ಅವಳ ಮುಂದೆ ಕುಳಿತರು.

"ಯಾವಾಗಿನಿಂದ ಕೇಳಿಸುತ್ತಿಲ್ಲ?"

ಅಷ್ಟು ಹತ್ತಿರದ ಮಾತು ಅವಳಿಗೆ ತಿಳಿಯಿತು.

"ಚಿಕಿತ್ಸೆಯ ನಂತರ, ತಾಯಿ."

"ಏಕೆ ಮುಚ್ಚಿಟ್ಟೆ?"

"ಪಾಠ ಕೇಳಲಾಗದವಳನ್ನು ಮನೆಗೆ ಕಳಿಸಿಬಿಡುತ್ತೀರಿ ಎಂದು."

ಗುರು ಎದ್ದರು. ತಮ್ಮ ಮಣೆಯನ್ನು ಎತ್ತಿಕೊಂಡು ಅಂಗಳದ ಇನ್ನೊಂದು ಬದಿಗೆ ಹೋದರು. ಯಾವಾಗಲೂ ಬೆನ್ನಿಗೆ ಬೆಳಕಿಟ್ಟು ಕೂರುವವರು, ಮೂಡಣಕ್ಕೆ ಮುಖ ಮಾಡಿ ಮಣೆ ಹಾಕಿದರು. ಮರಳಿ ಬಂದು ಅವಳ ಎದುರು ನಿಂತರು.

"ನಾಳೆಯಿಂದ ತಲೆ ಎತ್ತಿ, ನನ್ನ ತುಟಿ ನೋಡುತ್ತಾ ಕೂರು."

ಆ ರಾತ್ರಿ ವಾರಿಜ ನಿದ್ರಿಸಲಿಲ್ಲ. ಇದು ಕೊನೆಯ ಅವಕಾಶವೋ ಏನೋ ಎಂದು ಪೆಟ್ಟಿಗೆಯ ತಳದಿಂದ ಯಂತ್ರವನ್ನು ತೆಗೆದಳು.

ಮರುದಿನ ಮೋಡವಿರಲಿಲ್ಲ. ಯಂತ್ರ ತೊಟ್ಟು ಅವಳು ಗುರುವಿನ ತುಟಿಗಳನ್ನೇ ನೋಡುತ್ತಾ ಕುಳಿತಳು. ಒಂದಿಷ್ಟು ಮಾತು ಹಿಡಿದಳು. ಆಮೇಲೆ ಹಕ್ಕಿಗಳ ಗದ್ದಲವೂ ಗುರುವಿನ ದನಿಯೂ ಕಲೆಸಿಹೋದವು. ಒಂದು ವಾಕ್ಯ ಕೈತಪ್ಪಿತು.

"ಅರ್ಥವಾಯಿತೆ?" ಎಂದರು ಗುರು.

ನೆರಳುಗಳೆಲ್ಲ ತಲೆಯಾಡಿಸಿದವು. ಅವಳ ತಲೆಯೂ ಅಭ್ಯಾಸಬಲದಿಂದ ಬಾಗತೊಡಗಿತು. ಅರ್ಧದಲ್ಲೇ ತಡೆದಳು. ಕೈ ಎತ್ತಿದಳು.

"ಇಲ್ಲ, ತಾಯಿ. ಕೇಳಿಸಲಿಲ್ಲ."

ಒಮ್ಮೆ ಹೇಳಿದ್ದನ್ನು ಗುರು ಎಂದೂ ಮತ್ತೆ ಹೇಳಿದವರಲ್ಲ.

ಮಂಗಳಾಂಬೆ ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದಾಗಿಸಿ ಅವಳತ್ತ ನೋಡಿದರು.

"ಎದುರು ಬಿಸಿಲು. ನನಗೂ ನಿನ್ನ ಮುಖ ಕಾಣುತ್ತಿಲ್ಲ. ಹತ್ತಿರ ಬಾ, ಮೊದಲಿನಿಂದ ಹೇಳುತ್ತೇನೆ."