ದೊರೆ ಹತ್ತಿದ ಹೊಸ ಹರಿಗೋಲು

"ಹೊಳೆ ನನ್ನದು, ದಡ ನನ್ನದು. ಅದರ ಮೇಲೆ ತೇಲುವ ಹರಿಗೋಲು ಮಾತ್ರ ಅವಳದು ಹೇಗಯ್ಯ? ಅದು ನನ್ನೊಬ್ಬನದೇ!" ಎಂದು ದೊರೆ ಸರ್ಜಪ್ಪ ನಾಯಕ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದ.

ಅವಳು ಅಂದರೆ ಎದುರಿಗೆ ಕೈಕಟ್ಟಿ ನಿಂತಿದ್ದ ಅಂಬಿಗರ ಹುಲಿಗೆವ್ವ. ಬೇಸಿಗೆಯೆಲ್ಲ ಕೂತು ಬಿದಿರು ಹೆಣೆದು, ಚರ್ಮ ಹೊಲಿದು, ರಾಳ ಮೆತ್ತಿ ಇಪ್ಪತ್ತು ಜನ ಕೂರುವ ಹರಿಗೋಲು ಕಟ್ಟಿದ್ದಳು. ಅದು ಕೈಬಿಟ್ಟರೆ ಅವಳಿಗೆ ಕಂಡವರ ಹೊಲದ ಕೂಲಿಯೇ ಗತಿ.

ದೊರೆಯ ಪಕ್ಕದಲ್ಲಿದ್ದ ಬೊಮ್ಮರಸ ಗಂಟಲು ಸರಿಮಾಡಿಕೊಂಡ. ಆಸ್ಥಾನ ಸೇರುವ ಮುಂಚೆ ಎಣ್ಣೆ ವ್ಯಾಪಾರ ಮಾಡಿದ್ದ ಆಸಾಮಿ ಅವನು.

"ದೊರೆಗಳೇ, ಹೊಸ ಕಸುಬಿಗೆ ಮೂರು ದಾರಿ. ಒಬ್ಬರೇ ಯಜಮಾನರಾಗಬಹುದು. ಆಗ ಬರುವುದೆಲ್ಲ ಒಬ್ಬರದೇ ತಲೆಗೆ, ಒಳ್ಳೆಯದೂ ಕೆಟ್ಟದ್ದೂ. ಇಲ್ಲವೇ ಪಾಲುಗಾರರಾಗಬಹುದು. ಮೂರನೆಯದು..."

"ಮೊದಲನೆಯದೇ ಸಾಕು, ಬರಿ!"

ಬೊಮ್ಮರಸ ಓಲೆಯಲ್ಲಿ ಬರೆದ: ಯಜಮಾನ ಸರ್ಜಪ್ಪ ನಾಯಕ, ಹುಲಿಗೆವ್ವ ಹುಟ್ಟು ಹಾಕುವ ಆಳು. ಬರೆದು ಮುಗಿಸಿ ಮೆಲ್ಲಗೆ ಹೇಳಿದ: "ಹೊಸ ಹರಿಗೋಲು ಮೊದಲ ಸಲ ಹೊಳೆ ದಾಟುವಾಗ ಯಜಮಾನನೇ ಕೂರಬೇಕು. ಅವನು ಕೂರದ ಹರಿಗೋಲಿಗೆ ಈ ಹೊಳೆಯ ಜನ ಕಾಲಿಡುವುದಿಲ್ಲ."

ದೊರೆಗೆ ಈಜು ಬಾರದು. ಆದರೂ ಸಭೆಯೆದುರು ಮೀಸೆ ತಿರುವಿದ.

ಹೊಳೆಯ ದಾರಿಯಲ್ಲಿ ಹುಲಿಗೆವ್ವ ಬೊಮ್ಮರಸನಿಗೆ ಪಿಸುಗುಟ್ಟಿದಳು: "ಅಯ್ಯಾ, ನೀವೂ ಹಿಂಗೆ ಬರೆದುಬಿಟ್ರಲ್ಲ!"

"ಆಳು ಅಂತ ತಾನೇ ಬರೆದದ್ದು? ಆಳಾಗಿಯೇ ಇರವ್ವ. ಒಂದು ಕಡ್ಡಿಯಷ್ಟೂ ಹೆಚ್ಚು ಕೆಲಸ ಮಾಡಬೇಡ."

ಮೂವರೂ ಹೊರಟರು. ಹೊಸ ಹರಿಗೋಲಿನ ಚರ್ಮ ನೆನೆದು ಉಬ್ಬುವವರೆಗೆ ಹೊಲಿಗೆಗಳು ಸೋರುತ್ತವೆ. ಅಂಬಿಗರಿಗೆಲ್ಲ ಗೊತ್ತು, ಬೊಮ್ಮರಸನಿಗೂ ಗೊತ್ತು. ದೊರೆಗೆ ಗೊತ್ತಾದದ್ದು ನಡುಹೊಳೆಯಲ್ಲಿ.

"ಏಯ್, ನೀರು!"

"ಹೌದು ಧಣಿ, ನಿಮ್ಮ ಹರಿಗೋಲಿಗೆ ನೀರು ಬರ್ತಾ ಐತೆ" ಎಂದು ಹುಲಿಗೆವ್ವ ಹುಟ್ಟು ಹಾಕುತ್ತಲೇ ಇದ್ದಳು.

"ಮೊಗೆದು ಚೆಲ್ಲೇ!"

"ನಾನು ಹುಟ್ಟು ಹಾಕೋ ಆಳು."

ಬೊಮ್ಮರಸ ಓಲೆ ನೋಡಿದ. "ಹಾಗೇ ಬರೆದಿದೆ, ದೊರೆಗಳೇ."

ದೊರೆಯ ಜರಿಯ ಮೆಟ್ಟುಗಳು ತೇಲತೊಡಗಿದವು. "ಅರ್ಧ ನಿನಗೆ! ನೀನು ಪಾಲುಗಾರ್ತಿ!"

ಬೊಮ್ಮರಸ ಗೀಚಿದ. ಹುಲಿಗೆವ್ವ ತಕ್ಷಣ ತೆಂಗಿನ ಚಿಪ್ಪು ತೆಗೆದುಕೊಂಡು ತನ್ನ ಕಡೆಯ ನೀರು ಚೆಲ್ಲಿದಳು.

"ಈ ಕಡೆಯದು?"

"ಅದು ನಿಮ್ಮ ಅರ್ಧ, ಧಣಿ."

ಬೇರೆ ಚಿಪ್ಪಿರಲಿಲ್ಲ. ಸರ್ಜಪ್ಪ ನಾಯಕ ಮುತ್ತಿನ ಪೇಟ ಬಿಚ್ಚಿ ಅದರಲ್ಲೇ ನೀರು ಮೊಗೆದ. ಪೇಟ ಮೊಗೆದದ್ದಕ್ಕಿಂತ ಕುಡಿದದ್ದೇ ಹೆಚ್ಚು. ನೀರು ಮೀನಖಂಡಕ್ಕೆ ಬಂತು.

"ಪೂರ್ತಿ ನಿನ್ನದೇ ತಾಯೀ! ಬೊಮ್ಮರಸ, ಬರಿಯೋ!" ಎಂದು ಮುದ್ರೆಯುಂಗುರ ಕಳಚಿ ಅವಳ ಕೈಗೆ ತುರುಕಿದ.

ಹುಲಿಗೆವ್ವ ಮಡಿಲಿನಿಂದ ಕೊಬ್ಬು ಸವರಿದ ಬಟ್ಟೆಯುಂಡೆ ತೆಗೆದು ಹರಿದು ಹೊಲಿಗೆಗಳ ಸಂದಿಗೆಲ್ಲ ಒತ್ತಿದಳು. ಸೋರಿಕೆ ನಿಂತಿತು.

ದೊರೆ ಕಣ್ಣು ಕಣ್ಣು ಬಿಟ್ಟ. "ಅದು ಮೊದಲಿಂದ ಇತ್ತೇನೇ ನಿನ್ನ ಹತ್ರ?"

"ಇತ್ತು ಧಣಿ. ನನ್ನ ಹರಿಗೋಲಿಗೆ ಅಂತ ಇಟ್ಕೊಂಡಿದ್ದೆ."

ಎದುರು ದಡದಲ್ಲಿ ದೊರೆ ಪಂಚೆ ಹಿಂಡಿಕೊಳ್ಳುತ್ತ ಕೇಳಿದ: "ಆ ಮೂರನೆಯ ದಾರಿ ಯಾವುದಯ್ಯ?"

"ತಾವು ಈಗ ಬಂದದ್ದೇ. ಆ ದಡ ಬಿಟ್ಟಾಗ ಯಜಮಾನರು, ನಡುಹೊಳೆಯಲ್ಲಿ ಪಾಲುಗಾರರು, ಇಲ್ಲಿ ಇಳಿದಾಗ ಪ್ರಯಾಣಿಕರು. ಸುಖವಾಗಿ ಕೂರುವವನು ಮೂರನೆಯವನೊಬ್ಬನೇ."

ದೊರೆ ಒಂದು ಗಳಿಗೆ ದುರುಗುಟ್ಟಿ ನೋಡಿ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ನಗುತ್ತ ಹೆಜ್ಜೆ ಇಡುವಷ್ಟರಲ್ಲಿ ಹುಲಿಗೆವ್ವ ಹುಟ್ಟು ಅಡ್ಡ ಹಿಡಿದಳು.

"ಧಣಿ, ಪ್ರಯಾಣಿಕರು ದಾಟುಗೂಲಿ ಕೊಡಬೇಕು."

ದೊರೆ ಕೊರಳ ಸರ ತೆಗೆದು ಕೊಟ್ಟ.

"ಚಿಲ್ಲರೆ ಇಲ್ಲ. ವಾಪಸು ಹೋಗೋದೂ ಇದರಲ್ಲೇ ಬಂತು, ಹತ್ತಿ."

ಸರ್ಜಪ್ಪ ನಾಯಕ ಒಂದು ಕಾಲು ಒಳಗಿಟ್ಟು ತಡೆದ. "ಹುಲಿಗೆವ್ವಾ, ಇದು ಈಗಲೂ ಪೂರ್ತಿ ನಿನ್ನದೇ ತಾನೇ?"

ಅವಳು ಹೂಂ ಅಂದ ಮೇಲೆಯೇ ಇನ್ನೊಂದು ಕಾಲು ಇಟ್ಟ.